ಮೂರನೆಯ ಬಿಂದುವಿನ ಅಗತ್ಯ

ಎರಡು ಬಿಂದುಗಳು ಗೊತ್ತಾದರೆ ಅವುಗಳ ಮೂಲಕ ಹಾಯುವ ಸರಳರೇಖೆಯ ಸಮೀಕರಣವನ್ನು ಪ್ರೌಢಶಾಲೆಯ ವಿದ್ಯಾರ್ಥಿಯೂ ಬರೆಯಬಲ್ಲನು. ಆದರೆ ಈ ಪಾಠವನ್ನು ಸೂತ್ರದ ಕಂಠಪಾಠದಲ್ಲಿಯೇ ಮುಗಿಸಿಬಿಡುವುದು ತರವಲ್ಲವೆಂದು ನಮ್ಮ ಅಭಿಪ್ರಾಯ. ಸೂತ್ರದ ಶಕ್ತಿಯನ್ನು ಹೇಗೋ ಹಾಗೆಯೇ ಅದರ ಮಿತಿಯನ್ನೂ ವಿದ್ಯಾರ್ಥಿಗಳು ಅರಿಯಬೇಕು.

ಮೊದಲು ಶಕ್ತಿಯನ್ನು ನೋಡೋಣ. ಸಾಮಾನ್ಯ ವಾಯುಭಾರದಲ್ಲಿ ಮಂಜುಗಡ್ಡೆಯು ಕರಗುವ ಉಷ್ಣತೆ ಸೆಲ್ಸಿಯಸ್ ಮಾನದಲ್ಲಿ 0, ಫ್ಯಾರನ್‌ಹೀಟ್ ಮಾನದಲ್ಲಿ 32. ನೀರು ಕುದಿಯುವ ಉಷ್ಣತೆ ಕ್ರಮವಾಗಿ 100 ಮತ್ತು 212. ಹೀಗೆ (0, 32), (100, 212) ಎಂಬ ಎರಡು ಬಿಂದುಗಳು ದೊರೆತವು. ಮೊದಲನೆಯ ಮಾನವು 100 ಡಿಗ್ರಿ ಏರುವಷ್ಟರಲ್ಲಿ ಎರಡನೆಯದು 180 ಡಿಗ್ರಿ ಏರುವುದರಿಂದ ರೇಖೆಯ ಪ್ರವಣತೆ 180/100, ಎಂದರೆ 9/5. ಸೆಲ್ಸಿಯಸ್ ಉಷ್ಣತೆಯನ್ನು ‘ಸ’ ಎಂದೂ ಫ್ಯಾರನ್‌ಹೀಟ್ ಉಷ್ಣತೆಯನ್ನು ‘ಫ’ ಎಂದೂ ಕರೆದರೆ, ಸ = 0 ಆದಾಗ ಫ = 32. ಆದುದರಿಂದ ಸಮೀಕರಣವು

ಫ = (9/5) ಸ + 32

ಎಂದಾಗುತ್ತದೆ. ಸ = 37 ಎಂದಿಟ್ಟರೆ ಜ್ವರ ನೋಡುವಾಗ ನಾವು ಕೇಳುವ 98.6 ಬರುತ್ತದೆ. ಎರಡು ಮಾನಗಳೂ −40ರಲ್ಲಿ ಒಂದೇ ಅಂಕಿಯನ್ನು ತೋರುತ್ತವೆಂಬುದನ್ನೂ ಇದರಿಂದಲೇ ಕಂಡುಕೊಳ್ಳಬಹುದು.

ಈ ರೇಖೆಯನ್ನು ನಾವು ಸಂಶಯವಿಲ್ಲದೆ ನಂಬಬಹುದು. ಏಕೆಂದರೆ ಎರಡೂ ಒಂದೇ ಉಷ್ಣತೆಯನ್ನು ಸಮಭಾಗಗಳಲ್ಲಿ ಅಳೆಯಲು ಮನುಷ್ಯನು ಮಾಡಿಕೊಂಡ ಮಾನಗಳು. ಅವುಗಳ ಸಂಬಂಧವು ಸರಳರೇಖೆಯಾಗಿರಲೇಬೇಕು.

ಪ್ರಕೃತಿಯಾದರೋ ಇಂತಹ ಒಪ್ಪಂದಕ್ಕೆ ಒಳಪಟ್ಟಿಲ್ಲ. ಪಾದರಸದ ಬದಲು ನೀರನ್ನೇ ತುಂಬಿದ ಒಂದು ಉಷ್ಣಮಾಪಕವನ್ನು ಊಹಿಸಿಕೊಳ್ಳಿರಿ. 0 ಮತ್ತು 100 ಡಿಗ್ರಿಗಳಲ್ಲಿ ನೀರಿನ ಮಟ್ಟವನ್ನು ಗುರುತಿಸಿ ನಡುವಣ ಅಂತರವನ್ನು ನೂರು ಸಮಭಾಗ ಮಾಡೋಣ. ಉಷ್ಣತೆ ನಿಜವಾಗಿ 50 ಡಿಗ್ರಿ ಇದ್ದಾಗ, ಗಾಜಿನ ಹಿಗ್ಗುವಿಕೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ಈ ಮಾಪಕವು ಸುಮಾರು 28 ಎಂದು ತೋರಿಸುವುದು! 4 ಡಿಗ್ರಿಯಲ್ಲಂತೂ ನೀರು ಸೊನ್ನೆಯ ಗುರುತಿಗಿಂತಲೂ ಕೆಳಗಿಳಿದಿರುವುದು. ಏಕೆಂದರೆ 0ಯಿಂದ 4 ಡಿಗ್ರಿಯವರೆಗೆ ನೀರು ಕಾದಂತೆಲ್ಲ ಕುಗ್ಗುತ್ತದೆ. ಅನಂತರವೇ ಹಿಗ್ಗತೊಡಗುತ್ತದೆ, ಅದೂ ಏಕಪ್ರಮಾಣದಲ್ಲಲ್ಲ.

ಇಲ್ಲಿ ಗಣಿತವು ತಪ್ಪಲಿಲ್ಲ. ಎರಡು ಬಿಂದುಗಳ ನಡುವೆ ಸರಳರೇಖೆಯನ್ನು ಎಂದಿಗೂ ಎಳೆಯಬಹುದು. ವಸ್ತುವು ಆ ರೇಖೆಯಂತೆ ನಡೆಯುವುದೆಂದು ಪರೀಕ್ಷಿಸದೆ ನಂಬಿದ್ದೇ ತಪ್ಪು. ಪರೀಕ್ಷಿಸುವ ಬಗೆ ಸುಲಭ. ಮೂರನೆಯ ಅಳತೆಯೊಂದನ್ನು ತೆಗೆದುಕೊಂಡು ಸಮೀಕರಣಕ್ಕೆ ಒಪ್ಪುವುದೇ ಎಂದು ನೋಡಬೇಕು. ಒಪ್ಪದಿದ್ದರೆ ಊಹೆಯನ್ನು ಬಿಡಬೇಕು. ಒಪ್ಪಿದರೆ ಇನ್ನೂ ಕೆಲವು ಅಳತೆಗಳಿಂದ ದೃಢಪಡಿಸಿಕೊಳ್ಳಬೇಕು.

ಆದುದರಿಂದ ನಮ್ಮ ಪಠ್ಯಪುಸ್ತಕಗಳು ಎರಡು ಬಿಂದುಗಳನ್ನು ಕೊಟ್ಟು ಸಮೀಕರಣವನ್ನು ಕೇಳುವಲ್ಲಿ, ಪ್ರಯೋಗದಿಂದ ದೊರೆತ ಮೂರನೆಯದೊಂದನ್ನೂ ಕೊಟ್ಟು ‘ಇದು ಹೊಂದುವುದೇ?’ ಎಂದು ಕೇಳಲಿ. ಆ ಒಂದು ಪ್ರಶ್ನೆಯಿಂದ ಗಣಿತದ ತರಗತಿಯಲ್ಲಿಯೇ ವಿಜ್ಞಾನದ ಅಭ್ಯಾಸವೂ ಮೊದಲಾಗುವುದು.