ಭೀಷ್ಮನ ಕನ್ನಡ

2020ರ ಮೇ ತಿಂಗಳು. ಲಾಕ್‌ಡೌನ್‌ನಿಂದ ಧಾರಾವಾಹಿಗಳ ಚಿತ್ರೀಕರಣ ನಿಂತಿತ್ತು, ಟೀವಿಯಲ್ಲಿ ಹಳೆಯ ಕಂತುಗಳೇ ಮತ್ತೆ ಮತ್ತೆ ಬರುತ್ತಿದ್ದವು. ಹಿಂದಿಯಲ್ಲಿ 2013ರಲ್ಲೇ ಶುರುವಾಗಿದ್ದ ‘ಮಹಾಭಾರತ’ವನ್ನು ಸ್ಟಾರ್ ಸುವರ್ಣ ವಾಹಿನಿ ಕನ್ನಡಕ್ಕೆ ಡಬ್ ಮಾಡಿ ತೋರಿಸತೊಡಗಿದ್ದು ಆಗ. ನಮ್ಮ ಮನೆಯಲ್ಲಿದ್ದ ಸೋದರತ್ತೆಗೆ ಎಂಬತ್ತರ ಹತ್ತಿರ ವಯಸ್ಸು. ಗದುಗಿನ ಭಾರತವನ್ನು ಗಮಕಿಗಳ ಬಾಯಲ್ಲಿ ಕೇಳುತ್ತ ಬೆಳೆದವರು, ಹಿಂದಿ ಒಂದಕ್ಷರ ಬಾರದು. 1988ರಲ್ಲಿ ದೂರದರ್ಶನದ ಮಹಾಭಾರತ ಬರುವಾಗ ಪಕ್ಕದಲ್ಲಿ ಕೂತ ಮಕ್ಕಳು ಅವರಿಗೆ ಅರ್ಥ ಹೇಳಬೇಕಿತ್ತು. ಮಕ್ಕಳು ಅವಸರದಲ್ಲಿ ಒಂದು ಹೇಳಿ ಮೂರು ಬಿಡುತ್ತಿದ್ದರು. ಮೂವತ್ತೆರಡು ವರ್ಷಗಳ ಮೇಲೆ ಅದೇ ಕಥೆ ನೇರವಾಗಿ ಅವರ ಕಿವಿಗೇ ಬಂತು. ಭೀಷ್ಮ ಪ್ರತಿಜ್ಞೆ ಮಾಡಿದ ಸಂಜೆ ಅವರು ಕೈಯಲ್ಲಿದ್ದ ಹುರುಳಿಕಾಯಿ ಬದಿಗಿಟ್ಟು, ಕನ್ನಡಕ ತೆಗೆದು ಸೆರಗಿನಿಂದ ಕಣ್ಣೊರೆಸಿಕೊಂಡದ್ದನ್ನು ನಾನು ಬಾಗಿಲಲ್ಲಿ ನಿಂತು ನೋಡಿದೆ.

ಡಬ್ಬಿಂಗ್ ಬೇಡ ಎಂಬ ಮಾತನ್ನು ಸಣ್ಣಂದಿನಿಂದ ಕೇಳಿ, ನಂಬಿ, ಹತ್ತಾರು ಕಡೆ ನಾನೇ ಆಡಿದ್ದೆ. ಆ ಸಂಜೆ ಮೊದಲ ಸಲ ನನ್ನನ್ನು ಕೇಳಿಕೊಂಡೆ: ಈ ಹೆಂಗಸಿಗೆ ಇದು ಇಷ್ಟು ವರ್ಷ ಸಿಗದಂತೆ ನೋಡಿಕೊಂಡವರು ಯಾರು, ಯಾವ ಅಧಿಕಾರದಿಂದ?

ಸರ್ಕಾರ ಅಲ್ಲ. ಡಬ್ಬಿಂಗ್ ಮಾಡಬಾರದು ಎಂಬ ಕಾನೂನು ಕರ್ನಾಟಕದಲ್ಲಿ ಯಾವತ್ತೂ ಇರಲಿಲ್ಲ. ಇದ್ದದ್ದು ಉದ್ಯಮದವರ ಒಳಗಿನ ಒಂದು ಕಟ್ಟು. ನಿರ್ಮಾಪಕರು, ವಿತರಕರು, ಪ್ರದರ್ಶಕರು, ಕಲಾವಿದರು ಎಲ್ಲ ಸೇರಿ ಒಂದು ಸರಕು ಮಾರುಕಟ್ಟೆಗೆ ಬಾರದಂತೆ ತಡೆದದ್ದು. ಇದನ್ನು ನಾವು ಭಾಷೆಯ ಪ್ರಶ್ನೆ ಎಂದುಕೊಂಡೇ ಅರ್ಧ ಶತಮಾನ ಕಳೆದೆವು. ಇದು ವ್ಯಾಪಾರದ ಪ್ರಶ್ನೆಯೂ ಹೌದು ಎಂದು ನಮಗೆ ತೋರಿಸಿಕೊಟ್ಟದ್ದು ಯಾವ ಸಾಹಿತ್ಯ ಸಭೆಯೂ ಅಲ್ಲ, ದೆಹಲಿಯಲ್ಲಿ ಕೂತ ಭಾರತೀಯ ಸ್ಪರ್ಧಾ ಆಯೋಗ.

2012ರ ಮೇ ತಿಂಗಳಲ್ಲಿ ಆಮೀರ್ ಖಾನ್ ಅವರ ‘ಸತ್ಯಮೇವ ಜಯತೇ’ ಹಿಂದಿಯ ಜೊತೆಗೆ ತಮಿಳು, ತೆಲುಗು, ಮಲಯಾಳಂ, ಮರಾಠಿ, ಬಂಗಾಳಿಗಳಲ್ಲೂ ಬಂತು. ಹೆಣ್ಣು ಭ್ರೂಣಹತ್ಯೆಯ ಬಗ್ಗೆ ಮನೆಮನೆಯಲ್ಲಿ ಮಾತು ಎದ್ದ ಆ ಹೊತ್ತಿನಲ್ಲಿ ಕನ್ನಡದ ವಾಹಿನಿಯಲ್ಲಿ ಮಾತ್ರ ಅದು ಕನ್ನಡದಲ್ಲಿ ಬರಲಿಲ್ಲ. ಅದೇ ವರ್ಷ ಕನ್ನಡ ಗ್ರಾಹಕರ ಕೂಟ ಆಯೋಗದ ಕದ ತಟ್ಟಿತು. ದೂರು ಕೊಟ್ಟವರೂ ಕನ್ನಡಿಗರೇ, ಅದೂ ಕನ್ನಡದ ಹೆಸರಿನಲ್ಲಿಯೇ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಕನ್ನಡದಲ್ಲಿ ನೋಡುವ ಹಕ್ಕು ನಮ್ಮದು ಎಂಬುದು ಅವರ ವಾದ. 2015ರ ಜುಲೈನಲ್ಲಿ ಆಯೋಗ ಅವರ ಪರವಾಗಿ ಆದೇಶ ಕೊಟ್ಟಿತು, ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಯೂ ಸೇರಿ ಉದ್ಯಮದ ಸಂಘಗಳಿಗೆ ದಂಡ ಹಾಕಿತು.

ಆಯೋಗ ಹಿಡಿದ ದಾರಿ ಸರಳವಾದದ್ದು. ಸ್ಪರ್ಧಾ ಕಾಯ್ದೆ 2002ರದ್ದು, ಅದರ ಮುಖ್ಯ ಕಲಮುಗಳು ಜಾರಿಗೆ ಬಂದದ್ದು 2009ರ ಮೇನಲ್ಲಿ. ಅದರ ಮೂರನೇ ಕಲಮು ಒಂದೇ ಬಗೆಯ ವ್ಯಾಪಾರದಲ್ಲಿರುವವರು ಒಳಗೊಳಗೇ ಮಾಡಿಕೊಳ್ಳುವ ಕರಾರುಗಳ ಮೇಲೆ ಕಣ್ಣಿಡುತ್ತದೆ. ಬೆಲೆ ಇಷ್ಟೇ ಎಂದು ಎಲ್ಲರೂ ಕೂಡಿ ನಿಗದಿ ಮಾಡುವುದು, ಟೆಂಡರಿನಲ್ಲಿ ಮೊದಲೇ ಮಾತಾಡಿಕೊಂಡು ಬರುವುದು, ಊರೂರು ಹಂಚಿಕೊಳ್ಳುವುದು, ಸರಕಿನ ಪೂರೈಕೆಯನ್ನೇ ಕಟ್ಟಿಹಾಕುವುದು ಇವೆಲ್ಲ ಅದರ ಕಣ್ಣಿಗೆ ಮೇಲುನೋಟಕ್ಕೇ ತಪ್ಪು. ಅಲ್ಲ ಎಂದು ತೋರಿಸಿಕೊಡುವ ಹೊಣೆ ಕರಾರು ಮಾಡಿಕೊಂಡವರದು. ಡಬ್ಬಿಂಗ್ ನಿಷೇಧ ಕೊನೆಯ ಬಗೆಯದು. ನಾಲ್ಕನೇ ಕಲಮಿನ ಗುರಿ ಬೇರೆ: ಒಬ್ಬನೇ ದೊಡ್ಡವನು ತನ್ನ ಬಲದ ದುರುಪಯೋಗ ಮಾಡಿದರೆ ಹಿಡಿಯುವುದು. ಆ ದೊಡ್ಡವನು ಸರ್ಕಾರದ ಕಂಪನಿಯೇ ಆದರೂ ಬಿಡುಗಡೆಯಿಲ್ಲ ಎಂದು ಕೋಲ್ ಇಂಡಿಯಾ ಪ್ರಕರಣದಲ್ಲಿ 2023ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ನಮ್ಮ ಪ್ರಕರಣಕ್ಕೆ ಒಬ್ಬ ಅಣ್ಣ ಇದ್ದಾನೆ, ಅವನು ಹುಟ್ಟಿದ್ದು ಕೋಲ್ಕತ್ತಾದಲ್ಲಿ. 2011ರ ಆರಂಭದಲ್ಲಿ ಅಲ್ಲಿನ ಚಾನೆಲ್ 10 ಮತ್ತು ಸಿಟಿವಿಎನ್ ಪ್ಲಸ್ ವಾಹಿನಿಗಳಿಗೆ ಪತ್ರಗಳು ಹೋದವು. ಹಿಂದಿಯಿಂದ ಬಂಗಾಳಿಗೆ ಡಬ್ ಆದ ಧಾರಾವಾಹಿಯನ್ನು ಪ್ರಸಾರ ಮಾಡಬೇಡಿ, ಮಾಡಿದರೆ ನಿಮಗೆ ಅಸಹಕಾರ ಎಂದು. ಬರೆದವರು ಕಲಾವಿದರ ಮತ್ತು ತಂತ್ರಜ್ಞರ ಸಮನ್ವಯ ಸಮಿತಿ ಹಾಗೂ ಈಸ್ಟರ್ನ್ ಇಂಡಿಯಾ ಮೋಷನ್ ಪಿಕ್ಚರ್ ಅಸೋಸಿಯೇಷನ್. ಆ ಧಾರಾವಾಹಿಯೂ ‘ಮಹಾಭಾರತ’ವೇ. ಆಯೋಗ ಇದು ತಪ್ಪು ಎಂದಿತು. ಮೇಲ್ಮನವಿ ನ್ಯಾಯಮಂಡಳಿ ಅದನ್ನು ತಳ್ಳಿಹಾಕಿತು: ಕಾರ್ಮಿಕ ಸಂಘ ವ್ಯಾಪಾರ ಮಾಡುವುದಿಲ್ಲ, ಪ್ರತಿಭಟಿಸುವುದು ಅದರ ಹಕ್ಕು ಎಂಬುದು ಅಲ್ಲಿನ ಆಲೋಚನೆ. ಕೊನೆಗೆ 2017ರ ಮಾರ್ಚ್ 7ರಂದು ಸುಪ್ರೀಂ ಕೋರ್ಟ್ ಆಯೋಗದ ಮಾತನ್ನೇ ಎತ್ತಿಹಿಡಿಯಿತು.

ಆ ತೀರ್ಪಿನಲ್ಲಿ ನಾನು ಹೆಚ್ಚು ಹೊತ್ತು ನಿಂತ ಜಾಗ ಒಂದಿದೆ. ಕಾರ್ಮಿಕ ಸಂಘ ತನ್ನ ಸದಸ್ಯರ ಕೂಲಿಗಾಗಿ, ಕೆಲಸದ ಹೊತ್ತಿಗಾಗಿ ಹೋರಾಡಿದರೆ ಸ್ಪರ್ಧಾ ಕಾನೂನು ಅಡ್ಡ ಬರುವುದಿಲ್ಲ. ಆದರೆ ಅದೇ ಸಂಘ ಉದ್ಯಮಿಗಳ ಸಂಘದ ಜೊತೆ ಕೈಜೋಡಿಸಿ, ಮೂರನೆಯವನ ಸರಕು ಪ್ರೇಕ್ಷಕನಿಗೆ ತಲುಪದಂತೆ ಮಾಡಿದರೆ ಅಲ್ಲಿ ಅದು ಕೂಲಿಕಾರರ ಧ್ವನಿಯಾಗಿ ಉಳಿಯುವುದಿಲ್ಲ, ಮಾರುಕಟ್ಟೆಯ ಒಂದು ಕೈಯಾಗುತ್ತದೆ. ಬೀದಿಯಲ್ಲಿ ನಿಂತು ‘ಡಬ್ಬಿಂಗ್ ಚಿತ್ರ ನೋಡಬೇಡಿ’ ಎಂದು ಕೂಗುವುದು ಇವತ್ತಿಗೂ ತಪ್ಪಲ್ಲ. ಈ ಪತ್ರಿಕೆಯಲ್ಲಿ ಡಬ್ಬಿಂಗ್ ವಿರುದ್ಧ ಲೇಖನ ಬರೆಯಬಹುದು, ನಾವು ಸಂತೋಷದಿಂದ ಅಚ್ಚು ಹಾಕುತ್ತೇವೆ. ಒಂದು ವಾಹಿನಿ ತನಗೆ ಬೇಡವೆಂದು ತಾನೇ ನಿರ್ಧರಿಸಿದರೂ ತಪ್ಪಲ್ಲ. ಎಲ್ಲರೂ ಸೇರಿ, ಮಾತು ಕೇಳದವನ ಅನ್ನಕ್ಕೆ ಕಲ್ಲು ಹಾಕುತ್ತೇವೆ ಎನ್ನುವಲ್ಲಿ ಮಾತ್ರ ಗೆರೆ ಇದೆ.

ಅದೇ 2017ರ ಮಾರ್ಚ್‌ನಲ್ಲಿ ತಮಿಳಿನ ಅಜಿತ್ ಚಿತ್ರವೊಂದು ‘ಸತ್ಯದೇವ್ ಐಪಿಎಸ್’ ಎಂಬ ಹೆಸರಿನಲ್ಲಿ ಕನ್ನಡ ಮಾತಾಡುತ್ತ ನಮ್ಮ ಚಿತ್ರಮಂದಿರಗಳಿಗೆ ಬಂತು. ಪ್ರತಿಭಟನೆ ಆಯಿತು. ಪ್ರೇಕ್ಷಕರೂ ಮುಗಿಬೀಳಲಿಲ್ಲ. ಆಮೇಲೆ ಒಂದೊಂದೇ ಬಂದವು, ಕೆಲವು ಓಡಿದವು, ಬಹಳಷ್ಟು ಬಂದದ್ದೂ ಹೋದದ್ದೂ ತಿಳಿಯಲಿಲ್ಲ. ಕನ್ನಡ ಚಿತ್ರರಂಗ ಮುಳುಗಲಿಲ್ಲ. ‘ಸತ್ಯದೇವ್’ ಬಂದ ಮುಂದಿನ ವರ್ಷವೇ ‘ಕೆಜಿಎಫ್’ ಬಂದು ಹಿಂದಿ, ತಮಿಳು, ತೆಲುಗು, ಮಲಯಾಳಂಗಳಿಗೆ ಡಬ್ ಆಗಿ ದೇಶವಿಡೀ ಓಡಿತು. 2022ರಲ್ಲಿ ‘ಕಾಂತಾರ’ದ ಭೂತಕೋಲವೂ ಹಾಗೆಯೇ ಗಡಿ ದಾಟಿತು. ಆ ಊರುಗಳ ಸಂಘಗಳೆಲ್ಲ ನಮ್ಮ ಹಳೆಯ ಕಟ್ಟನ್ನೇ ಕಟ್ಟಿಕೊಂಡಿದ್ದರೆ ಏನಾಗುತ್ತಿತ್ತು ಎಂಬುದನ್ನು ಯೋಚಿಸಬೇಕು.

ಹಾಗೆಂದು ಹಳಬರನ್ನು ಹಳಿಯಲು ನನಗೆ ಮನಸ್ಸಿಲ್ಲ. ಐವತ್ತು ಅರವತ್ತರ ದಶಕದಲ್ಲಿ ಕನ್ನಡ ಚಿತ್ರಗಳು ತಯಾರಾಗುತ್ತಿದ್ದದ್ದು ಮದರಾಸಿನಲ್ಲಿ, ಬೇರೆಯವರ ಸ್ಟುಡಿಯೋಗಳಲ್ಲಿ. ವರ್ಷಕ್ಕೆ ಬರುತ್ತಿದ್ದದ್ದೇ ಕೆಲವು. ತೆಲುಗು, ತಮಿಳಿನ ದೊಡ್ಡ ಪೌರಾಣಿಕ ಚಿತ್ರಗಳು ಅಗ್ಗದಲ್ಲಿ ಕನ್ನಡದ ಮಾತು ಅಂಟಿಸಿಕೊಂಡು ಬಂದರೆ ನಾಟಕ ಕಂಪನಿಗಳಿಂದ ಬಂದ ನಮ್ಮ ನಟರಿಗೆ ಗಂಜಿಗೂ ತತ್ವಾರ. ಅನಕೃ, ಮ. ರಾಮಮೂರ್ತಿ ಬೀದಿಗಿಳಿದದ್ದು, ರಾಜಕುಮಾರ್ ದನಿಗೂಡಿಸಿದ್ದು ಆ ಸಂಕಟದಲ್ಲಿ. ಆದರೆ ಅದೇ ಸಂಕಟಕ್ಕೆ ಅದೇ ಜನ ಇನ್ನೊಂದು ಉತ್ತರವನ್ನೂ ಕೊಟ್ಟಿದ್ದರು, ಅದು ನಮಗೆ ಮರೆತೇಹೋಗಿದೆ. ರಾಜಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ.ವಿ. ಅಯ್ಯರ್ ಸೇರಿ ಕಲಾವಿದರ ಸಂಘ ಕಟ್ಟಿದರು, ಊರೂರು ತಿರುಗಿ ನಾಟಕವಾಡಿದರು, 1960ರಲ್ಲಿ ತಾವೇ ‘ರಣಧೀರ ಕಂಠೀರವ’ ತೆಗೆದರು. ಕೆಲಸವಿಲ್ಲದಿದ್ದಾಗ ಕೆಲಸ ಹುಟ್ಟಿಸಿದ ಆ ಉತ್ತರವನ್ನು ಯಾವ ಕಾನೂನೂ ಯಾವತ್ತೂ ಪ್ರಶ್ನಿಸಿಲ್ಲ.

ಈಗ ಸರ್ಕಾರದ ಕೈಗೆ ಬರೋಣ. ತಡೆಯುವುದು ತಪ್ಪಾದರೆ ಸಣ್ಣ ಭಾಷೆ, ಸಣ್ಣ ಮಾರುಕಟ್ಟೆ ಉಳಿಯುವುದು ಹೇಗೆ? ಸಹಾಯಧನದಿಂದ ಎಂಬುದು ನಮ್ಮ ರಾಜ್ಯದ ಹಳೆಯ ಉತ್ತರ. ಮದರಾಸಿನಲ್ಲಿದ್ದ ಕನ್ನಡ ಚಿತ್ರ ತಯಾರಿಕೆಯನ್ನು ಇಲ್ಲಿಗೆ ಕರೆತರುವುದರಲ್ಲಿ ಅದಕ್ಕೆ ದೊಡ್ಡ ಪಾಲಿದೆ. ಡಬ್ ಆದ ಚಿತ್ರಕ್ಕೆ ಈ ಹಣ ಇಲ್ಲ. ಇರಬಾರದೆಂದೇ ನನ್ನ ಅಭಿಪ್ರಾಯ ಕೂಡ. ಬೇರೆ ಭಾಷೆಯ ಚಿತ್ರ ಬರಲಿ, ತನ್ನ ಬಲದಿಂದ ಓಡಲಿ. ಕನ್ನಡದಲ್ಲೇ ಹುಟ್ಟಿದ ಚಿತ್ರದ ಬೆನ್ನಿಗೆ ನಮ್ಮ ತೆರಿಗೆ ಹಣ ನಿಲ್ಲಲಿ.

ಸರ್ಕಾರ ಕೊಡುವ ಹಣಕ್ಕೂ ಲಗಾಮು ಹಾಕಿದ ಕಡೆ ಯುರೋಪು. ಅಲ್ಲಿನ ಒಕ್ಕೂಟದ ಒಪ್ಪಂದದ 107ನೇ ವಿಧಿಯ ಪ್ರಕಾರ ಯಾವುದೇ ಸದಸ್ಯ ದೇಶ ತನಗಿಷ್ಟವಾದ ಕಂಪನಿಗೆ ಮನಸ್ಸು ಬಂದಂತೆ ನೆರವು ಕೊಡುವ ಹಾಗಿಲ್ಲ. ಮೊದಲೇ ಬ್ರಸೆಲ್ಸ್‌ಗೆ ತಿಳಿಸಿ ಒಪ್ಪಿಗೆ ಪಡೆಯಬೇಕು. ತಪ್ಪಿ ಕೊಟ್ಟಿದ್ದರೆ ಬಡ್ಡಿ ಸಮೇತ ವಾಪಸು ಪಡೆಯಬೇಕು. ನೆರವೆಂದರೆ ಕೈಗೆ ಕೊಟ್ಟ ದುಡ್ಡೇ ಆಗಬೇಕಿಲ್ಲ, ಬಿಟ್ಟ ತೆರಿಗೆಯೂ ನೆರವೇ. ಐರ್ಲೆಂಡ್ ಸರ್ಕಾರ ಆ್ಯಪಲ್ ಕಂಪನಿಗೆ ತೋರಿಸಿದ ತೆರಿಗೆ ರಿಯಾಯಿತಿಯನ್ನು ಯುರೋಪಿಯನ್ ಆಯೋಗ 2016ರಲ್ಲಿ ಅಕ್ರಮ ಎಂದಿತು, 2024ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಅತ್ಯುನ್ನತ ನ್ಯಾಯಾಲಯ ಅದನ್ನೇ ಎತ್ತಿಹಿಡಿಯಿತು. ಮೊತ್ತ 1,300 ಕೋಟಿ ಯೂರೋ.

ಇಷ್ಟು ಬಿಗಿಯಾದ ಆ ವಿಧಿಯೊಳಗೇ ಸಂಸ್ಕೃತಿಗೆಂದು ಒಂದು ಬಾಗಿಲು ತೆರೆದಿಟ್ಟಿದ್ದಾರೆ. ಸಿನಿಮಾಕ್ಕೆ ಕೊಡುವ ನೆರವಿನ ಬಗ್ಗೆ 2013ರಲ್ಲಿ ಹೊರಡಿಸಿದ ನಿಯಮಗಳನ್ನು ನೋಡಿ. ಸಾಮಾನ್ಯವಾಗಿ ಸರ್ಕಾರದ ಹಣ ಚಿತ್ರದ ವೆಚ್ಚದ ಅರ್ಧ ದಾಟಬಾರದು. ನೆರವು ಕೊಟ್ಟ ನಾಡಿನಲ್ಲೇ ಖರ್ಚು ಮಾಡಬೇಕೆಂದು ಕೇಳಬಹುದು, ಆದರೆ ವೆಚ್ಚದ ಶೇ. 80ರಷ್ಟಕ್ಕಿಂತ ಹೆಚ್ಚಿಗೆ ಅಲ್ಲ. ‘ಕಷ್ಟದ ಚಿತ್ರ’ಗಳಿಗೆ ಮಾತ್ರ ಅರ್ಧದ ಮಿತಿ ಇಲ್ಲ. ಹೊಸ ನಿರ್ದೇಶಕನ ಮೊದಲ ಚಿತ್ರ, ಸಾಕ್ಷ್ಯಚಿತ್ರ, ಕಿರುಚಿತ್ರಗಳ ಜೊತೆಗೆ, ಚಿಕ್ಕ ಭಾಷಾ ಪ್ರದೇಶದ ಭಾಷೆಯಲ್ಲಿ ಮಾತ್ರ ತಯಾರಾದ ಚಿತ್ರವೂ ಆ ಪಟ್ಟಿಗೆ ಸೇರಬಲ್ಲದು. ಭಾಷೆ ಚಿಕ್ಕದಾದಷ್ಟೂ ಕೊಡುವ ಕೈ ದೊಡ್ಡದಾಗಬಹುದು ಎಂದು ವ್ಯಾಪಾರದ ಕಾನೂನೇ ಒಪ್ಪಿಕೊಂಡಿದೆ. ತುಳು, ಕೊಡವ, ಬ್ಯಾರಿ ಚಿತ್ರಗಳ ಸಹಾಯಧನದ ಮಾತು ಬಂದಾಗೆಲ್ಲ ನನಗೆ ಈ ಸಾಲು ನೆನಪಾಗುತ್ತದೆ.

ನಮ್ಮ ಸ್ಪರ್ಧಾ ಕಾಯ್ದೆಯಲ್ಲಿ ಸಹಾಯಧನವನ್ನು ತೂಗುವ ಇಂಥ ತಕ್ಕಡಿ ಇಲ್ಲ. ನಮ್ಮ ಆಯೋಗ ವ್ಯಾಪಾರ ಮಾಡುವವರನ್ನು ಕೇಳಬಲ್ಲದೇ ಹೊರತು, ಸರ್ಕಾರ ಸರ್ಕಾರವಾಗಿ ಹಂಚುವ ಹಣ ಯಾರಿಗೆ, ಯಾಕೆ ಎಂದು ಕೇಳಲಾರದು. ಆದ್ದರಿಂದ ಆ ಪ್ರಶ್ನೆ ನಮ್ಮ ಮೇಲೆಯೇ ಬೀಳುತ್ತದೆ. ಯಾವ ಚಿತ್ರಕ್ಕೆ ಎಷ್ಟು ಕೊಟ್ಟರು, ಸಮಿತಿಯಲ್ಲಿ ಯಾರಿದ್ದರು, ಅವರು ಬರೆದ ಕಾರಣವೇನು, ದುಡ್ಡು ಪಡೆದ ಚಿತ್ರ ಚಿತ್ರಮಂದಿರದ ಮುಖ ಕಂಡಿತೇ, ಇಷ್ಟನ್ನು ಒಂದು ಪುಟದಲ್ಲಿ ವರ್ಷವರ್ಷ ಪ್ರಕಟಿಸಿ ಎಂದು ಓದುಗರು ಕೇಳಬೇಕು, ನಾವೂ ಕೇಳುತ್ತೇವೆ. ಸಹಾಯಧನಕ್ಕೆಂದೇ ಸುತ್ತಿ ಡಬ್ಬದಲ್ಲಿಟ್ಟ ಚಿತ್ರ ಡಬ್ಬಿಂಗ್‌ಗಿಂತ ಹೆಚ್ಚಿನ ಪೆಟ್ಟನ್ನು ಕನ್ನಡಕ್ಕೆ ಕೊಡುತ್ತದೆ. ಹೊಸಬನೊಬ್ಬನ ಪಾಲಿನ ಹಣ ಅಲ್ಲಿ ಹೋಗಿರುತ್ತದೆ.

ಡಬ್ಬಿಂಗನ್ನು ಕೀಳು ಕೆಲಸವೆಂದು ಕಾಣುವ ನಮ್ಮ ರೂಢಿಯೂ ಬದಲಾಗಬೇಕು. ಒಮ್ಮೆ ಬೆಂಗಳೂರಿನ ಸಣ್ಣ ಸ್ಟುಡಿಯೋ ಒಂದರಲ್ಲಿ ಮಾತು ಬರೆಯುವವರ ಪಕ್ಕ ಒಂದು ಮಧ್ಯಾಹ್ನ ಕೂತಿದ್ದೆ. ಪ, ಬ, ಮ ಅಕ್ಷರಗಳಿಗೆ ತುಟಿ ಮುಚ್ಚುತ್ತದೆ, ತೆರೆಯ ಮೇಲೆ ಅದು ಎದ್ದು ಕಾಣುತ್ತದೆ. ಹಿಂದಿಯ ನಟ ‘ಮೈಂ’ ಎನ್ನುತ್ತಾನೆ, ತುಟಿ ಮುಚ್ಚಿ ತೆರೆಯುತ್ತದೆ. ನಮ್ಮ ‘ನಾನು’ವಿನಲ್ಲಿ ತುಟಿ ಮುಚ್ಚುವುದೇ ಇಲ್ಲ. ಅವರು ಆ ಒಂದು ಚಣಕ್ಕಾಗಿ ಇಡೀ ವಾಕ್ಯವನ್ನು ಬಿಚ್ಚಿ ಮತ್ತೆ ಹೆಣೆದರು. ‘ಬದುಕಿರುವತನಕ’ ಎಂದು ಶುರುಮಾಡಿ ‘ನಾನು’ವನ್ನು ಹಿಂದಕ್ಕೆ ತಳ್ಳಿದರು. ನಾಲ್ಕು ಸಲ ಓದಿ, ಐದನೇ ಸಲ ತುಟಿ ಕೂಡಿದಾಗ ಪೆನ್ನು ಕೆಳಗಿಟ್ಟರು. ಅದು ಶುದ್ಧ ಕನ್ನಡದ ಕೆಲಸ, ಹಳೆಯ ಕಟ್ಟು ಬಿಗಿಯಾಗಿದ್ದಷ್ಟು ಕಾಲ ಕನ್ನಡಿಗರಿಗೆ ಸಿಗದೇಹೋದ ಕೆಲಸ.

ಆ ಸಂಜೆ ಪ್ರತಿಜ್ಞೆ ಮುಗಿದು ಜಾಹೀರಾತು ಬಂದಾಗ ಅತ್ತೆ ನನ್ನ ಕಡೆ ತಿರುಗಿ, ‘ಆ ಭೀಷ್ಮನಿಗೆ ದನಿ ಕೊಟ್ಟವರು ಯಾವ ಊರಿನವರೋ, ಕೇಳಿ ಹೇಳು’ ಎಂದರು.