ಅಹಮದ್ ಖಾನ್: ಕಲ್ಕತ್ತೆ ಕೊಂಡಾಡಿದ ಕಾಲುಗಳು

ಗೋಕಾಕ, ಮೂಡಲಗಿ, ಹುಕ್ಕೇರಿಗಳ ಸೀಮೆಯಲ್ಲಿ ಆಟವನ್ನೇ ಕಸುಬಾಗಿ ನೆಚ್ಚಿದವನೆಂದರೆ ಮೊದಲು ನೆನಪಾಗುವವನು ಪೈಲವಾನ. ಗರಡಿಯ ಕೆಮ್ಮಣ್ಣು, ನಸುಕಿನ ಸಾಮು, ಹಾಲು-ಬಾದಾಮಿಯ ಖರ್ಚು, ಜಾತ್ರೆಯ ಕಣದಲ್ಲಿ ಗೆದ್ದ ಬೆಳ್ಳಿಯ ಕಡಗ, ಇವೆಲ್ಲ ಅಲ್ಲಿಯ ಮನೆಮಾತು. ಹುಡುಗನ ಮೈಯಲ್ಲಿ ಕಸುವು ಕಂಡರೆ ಹಿರಿಯರು ಅವನ ಮುಖವನ್ನು ಕೊಲ್ಹಾಪುರದ ಕಡೆಗೆ ತಿರುಗಿಸುತ್ತಿದ್ದರು. ಶಾಹೂ ಮಹಾರಾಜರು ಕಟ್ಟಿಸಿದ ಖಾಸಬಾಗ ಮೈದಾನ ಅಲ್ಲಿದೆ, ತಾಲೀಮುಗಳು ಅಲ್ಲಿವೆ, ಆಟಗಾರನಿಗೆ ಅನ್ನ ಹಾಕುವ ಧಣಿಗಳೂ ಅಲ್ಲಿದ್ದರು. ಊರು ಬಿಡದ ಹೊರತು ಕಸುಬು ಕೈಗೂಡದು. ಊರು ಬಿಟ್ಟವನಿಗಾದರೋ ಮೈಯ ಬಲವಿರುವಷ್ಟೇ ಅವಧಿ. ಈ ಸಂಕಟವನ್ನು ಆ ಮೂರು ಊರುಗಳ ಮನೆಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಕುಸ್ತಿಗೆ ಕೊಲ್ಹಾಪುರವಿದ್ದಂತೆ ಕಾಲ್ಚೆಂಡಿಗೆ ಕಲ್ಕತ್ತೆ. 1949ರಲ್ಲಿ ಅಲ್ಲಿಗೆ ಹೋಗಿ ನಿಂತ ಕನ್ನಡ ನಾಡಿನ ತರುಣನೇ ಅಹಮದ್ ಖಾನ್. 1926ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವನು. ತಂದೆಯೂ ಸೋದರರೂ ಚೆಂಡಾಟದವರೇ. ಮನೆತನದ ವಿದ್ಯೆಯೆಂದರೆ ಸಲ್ಲುತ್ತದೆ. ಸುಬೇದಾರರ ಮಗ ಸಿಪಾಯಿಯಾಗುವಂತೆ ಈತ ಆಟಗಾರನಾದ.

ಕಲ್ಕತ್ತೆ ಕರೆಯುವ ಮೊದಲೇ ಲಂಡನ್ನು ಅವನನ್ನು ಕಂಡಿತ್ತು. 1948ರ ಒಲಿಂಪಿಕ್ಸ್ ಪಂದ್ಯಗಳಲ್ಲಿ ಸ್ವತಂತ್ರ ಭಾರತದ ತಂಡ ಫ್ರಾನ್ಸನ್ನು ಎದುರಿಸಿದಾಗ ನಮ್ಮವರಲ್ಲಿ ಹೆಚ್ಚಿನವರ ಕಾಲಿಗೆ ಬೂಟಿರಲಿಲ್ಲ. ಅಹಮದನದೂ ಬರಿಗಾಲೇ. ದೊರೆತ ಎರಡು ಪೆನಾಲ್ಟಿ ಹೊಡೆತಗಳೂ ವ್ಯರ್ಥವಾದವು. ಬೆಂಗಳೂರಿನವರೇ ಆದ ಸಾರಂಗಪಾಣಿ ರಾಮನ್ ಒಂದು ಗೋಲು ಹೊಡೆದು ಸಮ ಮಾಡಿದರೂ, ಆಟ ಮುಗಿಯುವ ಹೊತ್ತಿಗೆ ಫ್ರೆಂಚರು ಇನ್ನೊಂದು ಹೊಡೆದು 2-1ರಿಂದ ಗೆದ್ದರು. ಸೋತ ತಂಡವನ್ನೇ ಜನ ಹೊಗಳಿದರು. ಹೊಗಳಿಕೆಯಿಂದ ಗೋಲು ಹೆಚ್ಚುವುದಿಲ್ಲವೆಂಬುದು ಬೇರೆ ಮಾತು.

ಅವನನ್ನು ಬರಮಾಡಿಕೊಂಡದ್ದು ಈಸ್ಟ್ ಬೆಂಗಾಲ್ ಕ್ಲಬ್ಬು. ಈ ಕ್ಲಬ್ಬಿನ ಅಭಿಮಾನಿಗಳು ಯಾರೆಂಬುದನ್ನು ಇಲ್ಲಿ ನೆನೆಯಬೇಕು. ದೇಶ ಒಡೆದು ಎರಡೇ ವರುಷವಾಗಿತ್ತು. ಪೂರ್ವ ಬಂಗಾಳದ ಮನೆಮಠಗಳನ್ನು ತೊರೆದು ಬಂದ ನಿರಾಶ್ರಿತ ಹಿಂದೂ ಕುಟುಂಬಗಳಿಗೆ ತಮ್ಮದೆಂದು ಹೇಳಿಕೊಳ್ಳಲು ಉಳಿದಿದ್ದವುಗಳಲ್ಲಿ ಈ ಕ್ಲಬ್ಬಿನ ಹೆಸರೂ ಒಂದು. ಆ ಕ್ಲಬ್ಬಿನ ಮುಂಚೂಣಿಯಲ್ಲಿ ನಿಂತ ಐವರೂ ದಕ್ಷಿಣ ಭಾರತದವರು: ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹಮದ್ ಖಾನ್, ಸಾಲೆ. ಇವರಲ್ಲಿ ಇಬ್ಬರು ಮುಸಲ್ಮಾನರು. ಗಲಭೆಯ ಗಾಯ ಇನ್ನೂ ಹಸಿಯಾಗಿದ್ದ ಆ ನಗರದಲ್ಲಿ, ಬಂಗಾಳಿಯಲ್ಲದ ಈ ಐವರಿಗೆ ಜನ ಇಟ್ಟ ಹೆಸರು ‘ಪಂಚಪಾಂಡವರು’. ಮೈದಾನದ ಕಟಕಟೆಗೆ ಒರಗಿ ನಿಂತವರು ಜಾತಿಯನ್ನೂ ಕೇಳಲಿಲ್ಲ, ಭಾಷೆಯನ್ನೂ ಕೇಳಲಿಲ್ಲ. ಚೆಂಡು ಯಾರ ಕಾಲಲ್ಲಿದೆಯೆಂದಷ್ಟೇ ಕೇಳಿದರು.

ಚೆಂಡು ಹೆಚ್ಚು ಹೊತ್ತು ಅಹಮದನ ಕಾಲಲ್ಲಿರುತ್ತಿತ್ತು. ಬರಿಗಾಲ ಆಟಕ್ಕೆ ಬೂಟಿನ ಆಟಕ್ಕಿಲ್ಲದ ಒಂದು ನಯವಿದೆ: ಬೆರಳುಗಳೇ ಚೆಂಡನ್ನು ಮುಟ್ಟಿ ನೋಡುತ್ತವೆ, ಪಾದದ ಒಳಬದಿ ಅದನ್ನು ಸವರಿ ನಿಲ್ಲಿಸುತ್ತದೆ. ಎದುರಾಳಿ ಎಡಕ್ಕೆ ವಾಲುವವರೆಗೆ ಕಾದಿದ್ದು ಬಲಕ್ಕೆ ಜಾರುವ ಈತನನ್ನು ಪ್ರೇಕ್ಷಕರು ‘ಹಾವಾಡಿಗ’ನೆಂದು ಕರೆದದ್ದು ಉಚಿತವೇ. 1949, 1950, 1951, ಮೂರು ವರುಷವೂ ಸಾಲಾಗಿ ಐ.ಎಫ್.ಎ. ಷೀಲ್ಡು ಈಸ್ಟ್ ಬೆಂಗಾಲಿಗೆ ಬಂತು. 1951ರಲ್ಲಿಯೂ 1952ರಲ್ಲಿಯೂ ಡ್ಯೂರಾಂಡ್ ಕಪ್ಪು ಬಂತು. 1951ರ ಮಾರ್ಚಿಯಲ್ಲಿ ದೆಹಲಿಯ ಏಷ್ಯನ್ ಕ್ರೀಡಾಕೂಟದಲ್ಲಿ ಇರಾನನ್ನು 1-0ರಿಂದ ಸೋಲಿಸಿ ಸ್ವರ್ಣಪದಕ ಗೆದ್ದ ಭಾರತ ತಂಡದಲ್ಲಿಯೂ ಈತನಿದ್ದ.

ಆದರೆ ಆ ನಯಕ್ಕೆ ಹವೆಯ ಹಂಗು. ಒಣ ನೆಲದಲ್ಲಿ ವರವಾದ ಬರಿಗಾಲು ಕೆಸರಿನಲ್ಲಿ, ಚಳಿಯಲ್ಲಿ ಶಾಪವಾಗುತ್ತದೆ. 1952ರ ಜುಲೈಯಲ್ಲಿ ಹೆಲ್ಸಿಂಕಿಯಲ್ಲಿ ಯುಗೋಸ್ಲಾವಿಯ ಭಾರತದ ಮೇಲೆ ಹತ್ತು ಗೋಲು ಹೊಡೆಯಿತು. ಪಂದ್ಯಕ್ಕೆ ಅರ್ಥವೇ ಉಳಿಯದಿದ್ದ ಕಡೆಯ ನಿಮಿಷಗಳಲ್ಲಿ ಭಾರತದ ಏಕೈಕ ಗೋಲನ್ನು ಹೊಡೆದವನು ಅಹಮದ್. ಒಂಬತ್ತು ಗೋಲಿನ ಸೋಲಿನಲ್ಲಿ ಅದಕ್ಕೇನು ಬೆಲೆಯೆಂದು ಕೇಳಬಹುದು. ಮೈದಾನ ಬಿಟ್ಟುಹೋಗಲು ಕಾದಿರುವ ಹೊತ್ತಿನಲ್ಲಿಯೂ ಚೆಂಡಿನ ಹಿಂದೆ ಓಡಿದವನಿಗೆ ಅದರ ಬೆಲೆ ತಿಳಿದಿದ್ದೀತು. ಆ ಸೋಲಿನ ಮೇಲೆ ಆಳುವ ಮಂಡಲಿಯವರು ಬೂಟನ್ನು ಕಡ್ಡಾಯ ಮಾಡಿದರು. ಬೆರಳಿನಿಂದ ಕಲಿತ ವಿದ್ಯೆಯನ್ನು ಚರ್ಮದ ಒಳಗಿಟ್ಟು ಮತ್ತೆ ಅಭ್ಯಾಸ ಮಾಡುವುದೆಂದರೆ, ನುರಿತ ವೈಣಿಕನಿಗೆ ಕೈಚೀಲ ತೊಡಿಸಿದಂತೆಯೇ. ಇಪ್ಪತ್ತೈದು ದಾಟಿದ ಪ್ರಾಯದಲ್ಲಿ, ಹೆಸರೂ ಬಿರುದೂ ಬಂದಮೇಲೆ, ಮೊದಲಿನಿಂದ ಕಲಿಯಲು ಮನಸ್ಸು ಬೇಕು. ಅಹಮದ್ ಆಟ ಬಿಡಲಿಲ್ಲ. 1953ರಲ್ಲಿ ಕ್ಲಬ್ಬಿನೊಡನೆ ರುಮೇನಿಯಕ್ಕೂ ಸೋವಿಯತ್ ದೇಶಕ್ಕೂ ಹೋಗಿಬಂದ; 1959ರವರೆಗೆ ಅದೇ ಕ್ಲಬ್ಬಿನಲ್ಲಿಯೇ ಉಳಿದ. ವರುಷಕ್ಕೊಮ್ಮೆ ಆಟಗಾರರು ಕ್ಲಬ್ಬು ಬದಲಿಸುವ ಪದ್ಧತಿ ಕಲ್ಕತ್ತೆಯಲ್ಲಿ ಸಾಮಾನ್ಯವಾಗಿದ್ದಾಗ ಇದು ಸಣ್ಣ ಸಂಗತಿಯಲ್ಲ.

ಕಾಗದದ ಮೇಲೆ ಆ ಕಾಲದ ಆಟಗಾರರೆಲ್ಲ ಹವ್ಯಾಸಿಗಳೇ, ಕಸುಬೆಂದು ಹೇಳಿಕೊಳ್ಳುವಂತಿರಲಿಲ್ಲ. ಅರ್ಜುನ ಪ್ರಶಸ್ತಿ ಆರಂಭವಾದದ್ದು 1961ರಲ್ಲಿ. ಅಷ್ಟರಲ್ಲಿ ಈತನ ಆಟ ಮುಗಿದಿತ್ತು. ಕಲ್ಕತ್ತೆಯ ಹತ್ತು ಮಳೆಗಾಲಗಳನ್ನು ಕಂಡ ಅಹಮದ್ ಖಾನ್ ಹುಟ್ಟಿದೂರಿಗೆ ಮರಳಿದರು. ಪಾಂಡವರಲ್ಲಿ ಕಡೆಯವರಾಗಿ ಉಳಿದಿದ್ದ ಅವರು ಬೆಂಗಳೂರಿನಲ್ಲಿಯೇ 2017ರ ಆಗಸ್ಟ್ 27ರಂದು ತೀರಿಕೊಂಡರು. ಆಗ ಅವರಿಗೆ ತೊಂಬತ್ತು ತುಂಬಿತ್ತು.