ಬಟ್ಟೆಗೆ ಚಪ್ಪಾಳೆ, ತೊಟ್ಟವಳಿಗೆ?

ಬೀರೂರು ದಾಟಿ ತರೀಕೆರೆಯತ್ತ ಹೋಗುವ ಬಸ್ಸಿಗೆ ತಾಂಡಾದ ಮುದುಕಿಯೊಬ್ಬಳು ಹತ್ತಿದರೆ ಏನಾಗುತ್ತದೆಂದು ನಾವು ಕಂಡಿದ್ದೇವೆ. ಕನ್ನಡಿ, ಕವಡೆ ಹೊಲಿದ ಕಾಂಚಳಿ, ನೆರಿಗೆಯ ಫೇಟಿಯಾ, ತಲೆಯ ಮೇಲೆ ಟುಕ್ರಿ. ಪಕ್ಕದ ಸೀಟಿನವರು ಸೆರಗು ಎಳೆದುಕೊಂಡು ಕಿಟಕಿಯ ಕಡೆ ಸರಿಯುತ್ತಾರೆ. ಅದೇ ಉಡುಪು ಉತ್ಸವದ ವೇದಿಕೆ ಏರಿದರೆ ಸಾಕು, 'ನಮ್ಮ ಭವ್ಯ ಪರಂಪರೆ' ಎಂದು ಚಪ್ಪಾಳೆ ಬೀಳುತ್ತದೆ. ಗಣ್ಯರು ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಪ್ರವಾಸೋದ್ಯಮದ ಕರಪತ್ರದಲ್ಲಿ ಅವಳ ಮುಖ ಅಚ್ಚಾಗುತ್ತದೆ, ಹೆಸರು ಇರುವುದಿಲ್ಲ.

ಉಡುಪನ್ನು ತೋರಿಸಿ ಪ್ರವಾಸಿಗರನ್ನು ಕರೆಯುವುದಕ್ಕೆ ನಮ್ಮ ತಕರಾರಿಲ್ಲ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ದೇಶಗಳ ಸಂಸ್ಕೃತಿ ಸಭೆ ನಡೆದಾಗ, ಸಂಡೂರಿನ 450ಕ್ಕೂ ಹೆಚ್ಚು ಲಂಬಾಣಿ ಹೆಂಗಸರ ಕೈಯಿಂದಾದ 1755 ಕಸೂತಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ಸಂತೋಷ. ಸಂಡೂರಿನ ಕಸೂತಿಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಹೆಂಗಸರಿಂದ ಹೊಲಿಸಿ ಮಾರುವ ಕುಶಲ ಕಲಾ ಕೇಂದ್ರವಿದೆ. ಕಡೂರು, ತರೀಕೆರೆ, ಅಜ್ಜಂಪುರದ ತಾಂಡಾಗಳ ಪಾಲಿಗೆ ಏನಿದೆ? ಆ ಮಾನ್ಯತೆ ಊರಿಗೆ ಕಟ್ಟಿದ್ದು. ಇಲ್ಲಿ ಹಾಕಿದ ಹೊಲಿಗೆಯನ್ನು ಸಂಡೂರಿನ ಹೆಸರಿನಲ್ಲಿ ಮಾರುವಂತಿಲ್ಲ.

ಎತ್ತಿನ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ಊರೂರು ತಿರುಗಿ ಬದುಕಿದ ಜನ ಇವರು. ರೈಲು, ರಸ್ತೆ ಬಂದು ಆ ಕಸುಬು ಮುರಿಯಿತು. ಈಗ ಸುಗ್ಗಿ ಬಂದರೆ ಕಾಫಿ ತೋಟಕ್ಕೆ, ಕಬ್ಬಿನ ಗದ್ದೆಗೆ ಗುಳೆ. ಕಾಫಿ ಹಣ್ಣು ಬಿಡಿಸುವ ಕೈಗೆ ಕಸೂತಿಗೆ ಬಿಡುವೆಲ್ಲಿ? ಶಾಲೆಯಲ್ಲಿ ಅಮ್ಮನ ವೇಷವನ್ನು ಆಡಿಕೊಳ್ಳುವುದನ್ನು ಕೇಳಿ ಬೆಳೆದ ಮಗಳು ಅದನ್ನು ಉಡಲು ನಾಚುತ್ತಾಳೆ. ನಾವೇ ಹಂಗಿಸಿ ಪೆಟ್ಟಿಗೆ ಸೇರಿಸಿದ ಬಟ್ಟೆಯನ್ನು ಈಗ ಪ್ರವಾಸಿಗಾಗಿ ಹೊರತೆಗೆಯಿರಿ ಎನ್ನುತ್ತಿದ್ದೇವೆ. 'ಪರಂಪರೆ ಉಳಿಸಿ' ಎಂಬ ಉಪದೇಶವೂ ಅವಳಿಗೇ!

ಈ ನೋವು ನಮಗೆ ಹೊರಗಿನದಲ್ಲ. ವೇದಿಕೆಯ ಟುಕ್ರಿಗೆ ಚಪ್ಪಾಳೆ ತಟ್ಟುವ ನಾಡೇ 2022ರಲ್ಲಿ ನಮ್ಮ ಹೆಣ್ಣುಮಕ್ಕಳನ್ನು ತಲೆಯ ಬಟ್ಟೆಗಾಗಿ ಕಾಲೇಜಿನ ಗೇಟಿನಲ್ಲಿ ತಡೆಯಿತು. ಯಾವ ಬಟ್ಟೆ ಸಂಸ್ಕೃತಿ, ಯಾವುದು ಸಮಸ್ಯೆ ಎಂಬುದನ್ನು ತೊಟ್ಟವಳೊಬ್ಬಳನ್ನು ಬಿಟ್ಟು ಉಳಿದವರೆಲ್ಲ ತೀರ್ಮಾನಿಸುತ್ತಾರೆ. ನಮ್ಮ ಮನೆಗಳ ಗಂಡಸರೂ ಇದಕ್ಕೆ ಹೊರತಲ್ಲ, ಒಪ್ಪಿಕೊಳ್ಳೋಣ.

ಹಾಗಾದರೆ ಮಾಡಬೇಕಾದ್ದೇನು? 1196ರಲ್ಲಿ ಕಟ್ಟಿದ ಅಮೃತಾಪುರದ ದೇವಸ್ಥಾನಕ್ಕೆ, ಕಲ್ಲತ್ತಿಗಿರಿಗೆ, ಕೆಮ್ಮಣ್ಣುಗುಂಡಿಗೆ ಹೇಗೂ ಜನ ಬರುತ್ತಾರೆ. ಅಲ್ಲಿ ತಾಂಡಾದ ಹೆಂಗಸರದೇ ಮಳಿಗೆ ಇರಲಿ, ಬೆಲೆಯನ್ನು ಅವರೇ ಹೇಳಲಿ. ಕುಣಿಯಲು ಕರೆದರೆ ಊಟದ ಪೊಟ್ಟಣ ಕೊಟ್ಟು ಕಳಿಸದೆ ಕಲಾವಿದರ ಸಂಭಾವನೆಯನ್ನು ಅವರ ಕೈಗೇ ಕೊಡಿ. ಫೋಟೋ ತೆಗೆಯುವ ಮುನ್ನ ಒಪ್ಪಿಗೆ ಕೇಳಿ; ಅಚ್ಚು ಹಾಕಿದರೆ ಹೆಸರನ್ನೂ ಹಾಕಿ. ಪ್ರವಾಸೋದ್ಯಮ ಇಲಾಖೆ ಮತ್ತು ತಾಂಡಾ ಅಭಿವೃದ್ಧಿ ನಿಗಮ ಕೂತು ಮಾತಾಡಿದರೆ ಇದೇನೂ ದೊಡ್ಡ ಕೆಲಸವಲ್ಲ. ಉಡಲು ಇಷ್ಟವಿಲ್ಲ ಎನ್ನುವವಳನ್ನು ಮಾತ್ರ ಯಾರೂ ಒತ್ತಾಯಿಸಕೂಡದು.

ಫೆಬ್ರವರಿಯಲ್ಲಿ ಸೇವಾಲಾಲರ ಜಯಂತಿಗೆ ಸೂರಗೊಂಡನಕೊಪ್ಪಕ್ಕೆ ಹೊರಟಾಗ ಪೆಟ್ಟಿಗೆಯ ಫೇಟಿಯಾ ತಾನಾಗಿ ಹೊರಬರುತ್ತದೆ. ಅದಕ್ಕೆ ಯಾವ ಇಲಾಖೆಯ ಆದೇಶವೂ ಬೇಕಿಲ್ಲ. ಆ ಉಡುಗೆಯನ್ನು ನೋಡಲು ಪ್ರವಾಸಿ ಖಂಡಿತ ಬರಲಿ. ಅದಕ್ಕೂ ಮೊದಲು, ಬಸ್ಸಿನಲ್ಲಿ ಅವಳ ಪಕ್ಕ ಸಮಾಧಾನದಿಂದ ಕೂರುವುದನ್ನು ನಾವು ಕಲಿಯೋಣ.